ಸುತ್ತಿ ಬಂದರೆ ತಾಳ ತಪ್ಪುವ ಬೆಳಕು

ರಾಜಾಜಿನಗರದ ಗಡಿಯಾರಕ್ಕೆ ವಿಜಯನಗರದ್ದು ಹೊಂದುತ್ತದೆ, ವಿಜಯನಗರದ್ದಕ್ಕೆ ಕೆಂಗೇರಿಯದು ಹೊಂದುತ್ತದೆ. ಅಂದಮೇಲೆ ಕೆಂಗೇರಿಯದೂ ರಾಜಾಜಿನಗರದ್ದೂ ಹೊಂದಲೇಬೇಕಲ್ಲವೇ? ಗಡಿಯಾರಗಳ ಮಟ್ಟಿಗೆ ಇದು ನಿಜ. ಬೆಳಕು ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. 1956ರಲ್ಲಿ ಇದನ್ನು ತೋರಿಸಿಕೊಟ್ಟವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ 22ರ ತರುಣ ಎಸ್. ಪಂಚರತ್ನಂ. ಸರ್ ಸಿ.ವಿ. ರಾಮನ್ ಅವರ ಸೋದರಳಿಯ.

ಬೆಳಕಿನ ಅಲೆ ಯಾವ ರೀತಿ ಕಂಪಿಸುತ್ತದೆಂಬುದೇ ಅದರ ಧ್ರುವೀಕರಣ. ಬೇರೆ ಬೇರೆ ರೀತಿ ಕಂಪಿಸುವ ಎರಡು ಕಿರಣಗಳ ತಾಳ ಹೊಂದಿದೆ ಎನ್ನುವುದು ಯಾವಾಗ? ಎರಡನ್ನೂ ಕೂಡಿಸಿದಾಗ ಪ್ರಕಾಶ ಗರಿಷ್ಠವಾಗಿದ್ದರೆ ಎಂದು ಪಂಚರತ್ನಂ ನಿಯಮ ಮಾಡಿಕೊಂಡರು. ಈಗ ಕಾಗದದ ಮೇಲೊಂದು ಬಾಣ ಬರೆದು, ಅದನ್ನು 60 ಡಿಗ್ರಿಯಂತೆ ಮೂರು ಸಲ ತಿರುಗಿಸಿ. ಗೆರೆ ಹಳೆಯ ಜಾಗಕ್ಕೇ ಬಂತು, ಆದರೆ ಮೊನೆ ತಿರುಗುಮುರುಗು! ಪ್ರತಿ ಹೆಜ್ಜೆಯಲ್ಲೂ ತಾಳ ಹೊಂದಿತ್ತು. ಸುತ್ತು ಮುಗಿದಾಗ ಪೂರ್ತಿ ವಿರುದ್ಧ. ಕಂಪನದ ಬಗೆಗಳನ್ನೆಲ್ಲ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಿ, ಗೋಳದ ತ್ರಿಜ್ಯ 1 ಎಂದಿಟ್ಟುಕೊಂಡರೆ, ತಾಳ ತಪ್ಪುವ ಪ್ರಮಾಣ ಮೂರು ಬಿಂದುಗಳ ನಡುವಿನ ತ್ರಿಕೋನದ ವಿಸ್ತೀರ್ಣದ ಸರಿ ಅರ್ಧ.

ಈ ಪ್ರಬಂಧವನ್ನು ಜಗತ್ತು ಬಹುಕಾಲ ಗಮನಿಸಲೇ ಇಲ್ಲ. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ, ಕ್ವಾಂಟಂ ವ್ಯವಸ್ಥೆಯೊಂದನ್ನು ನಿಧಾನವಾಗಿ ಸುತ್ತಿಸಿ ಮೊದಲಿನ ಸ್ಥಿತಿಗೇ ತಂದರೂ ಇಂಥದೇ ಶೇಷ ಉಳಿಯುತ್ತದೆಂದು ತೋರಿಸಿ ಹೆಸರಾದರು. ಇದರ ಆರಂಭದ ಉದಾಹರಣೆಯೊಂದು ಬೆಂಗಳೂರಿನಲ್ಲೇ ಇದೆಯೆಂದು 1986ರಲ್ಲಿ ನೆನಪಿಸಿದವರು ರಾಜಾರಾಂ ನಿತ್ಯಾನಂದ ಮತ್ತು ಎಸ್. ರಾಮಶೇಷನ್. ರಾಮಶೇಷನ್ ಪಂಚರತ್ನಂ ಅವರ ಅಣ್ಣ. ಬೆರ್ರಿ 1987ರಲ್ಲಿ ಬೆಂಗಳೂರಿಗೆ ಬಂದರು, ಹಳೆಯ ಪ್ರಬಂಧದ ಹಿರಿಮೆಯನ್ನು ಮನಸಾರೆ ಒಪ್ಪಿ ಬರೆದರು. ಅದನ್ನು ಓದಲು ತಮ್ಮನಿರಲಿಲ್ಲ. 1969ರಲ್ಲಿ, 35ನೇ ವಯಸ್ಸಿಗೇ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದರು.

ಹಾಗಾದರೆ ತಾಳ ತಪ್ಪಿದ್ದು ಎಲ್ಲಿ? ಒಂದೊಂದೇ ಕಿರಣವನ್ನು ನೋಡಿದರೆ ಸಿಗದು. ಎರಡೆರಡನ್ನು ಹೋಲಿಸಿದರೂ ಸಿಗದು. ಕ್ವಾಂಟಂ ಲೋಕದ ತಾತ್ವಿಕ ತೊಡಕು ಇರುವುದು ಇಲ್ಲಿಯೇ: ಒಂಟಿ ಸ್ಥಿತಿಗೆ ಅಳೆಯಬಹುದಾದ ತಾಳವೇ ಇಲ್ಲ, ಇರುವುದೆಲ್ಲ ಸಂಬಂಧಗಳಲ್ಲಿ. ಗಣಿತದಲ್ಲಿ ವಸ್ತುಗಳಿಗಿಂತ ಅವುಗಳ ನಡುವಿನ ಬಾಣಗಳನ್ನೇ ಮುಖ್ಯವೆಂದು ಹಿಡಿಯುವ ಶಾಖೆಯೊಂದಿದೆ. ಐಲೆನ್‌ಬರ್ಗ್ ಮತ್ತು ಮ್ಯಾಕ್ ಲೇನ್ 1945ರಲ್ಲಿ ಪ್ರಕಟಿಸಿದ ಕ್ಯಾಟಗರಿ ಥಿಯರಿ ಅದು. ಎರಡು ಬಾಣಗಳನ್ನು ಜೋಡಿಸಿದ ದಾರಿಗೂ ನೇರ ದಾರಿಗೂ ಫಲ ಒಂದೆಯೇ ಎಂಬುದು ಅದರ ನಿತ್ಯದ ಪ್ರಶ್ನೆ. ಪಂಚರತ್ನಂ ತ್ರಿಕೋನದಲ್ಲಿ ಉತ್ತರ ‘ಅಲ್ಲ’. ಬಾಣಗಳ ಈ ಭಾಷೆಯಲ್ಲೇ ಕ್ವಾಂಟಂ ಮೆಕ್ಯಾನಿಕ್ಸನ್ನು ಹೊಸದಾಗಿ ಬರೆಯಲು ಸ್ಯಾಮ್ಸನ್ ಅಬ್ರಾಮ್‌ಸ್ಕಿ ಮತ್ತು ಬಾಬ್ ಕೂಕ್ 2004ರಲ್ಲಿ ಹೊರಟರು. ಅದೂ ಆಕ್ಸ್‌ಫರ್ಡಿನಲ್ಲೇ.