ತುಂಡಾದ ತಂತಿಯ ಅರ್ಥಶಾಸ್ತ್ರ

ನಿವೃತ್ತಿಯ ನಂತರ ಶಿಕಾರಿಪುರದಲ್ಲಿ ನೆಲೆಸಿರುವ ನನಗೆ ಬೆಳಗಿನ ಸಂಗೀತ ಶ್ರವಣವೇ ಒಂದು ನಿತ್ಯಕರ್ಮ. ಮನೆಯವರ ನಿದ್ದೆಗೆ ಭಂಗ ಬಾರದಿರಲೆಂದು ಮಗಳು ಕೊಡಿಸಿದ್ದ ಹೆಡ್‌ಫೋನ್ ಕಳೆದ ಮಳೆಗಾಲದಲ್ಲಿ ಒಂದು ದಿನ ಎಡಗಿವಿಯಲ್ಲಿ ಮೌನ ತಾಳಿತು. ಮಾರಿದ ಅಂಗಡಿಯವರನ್ನು ವಿಚಾರಿಸಿದರೆ, ‘ಇದಕ್ಕೆ ರಿಪೇರಿ ಇಲ್ಲ, ಹೊಸದನ್ನೇ ತೆಗೆದುಕೊಳ್ಳಿ’ ಎಂಬ ಉತ್ತರ ಬಂತು. ನಾಲ್ಕೂವರೆ ಸಾವಿರ ರೂಪಾಯಿಯ ವಸ್ತುವಿನ ಆಯುಷ್ಯ ಹದಿನಾಲ್ಕು ತಿಂಗಳು!

ಅದೇ ವಾರ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವ ಪ್ರಸಂಗವಿತ್ತು. ಅಲ್ಲಿ ಜಾತ್ರೆ, ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ, ನನ್ನ ವಯಸ್ಸಿನವರೇ ಆದ ಪರಿಚಿತರೊಬ್ಬರಿದ್ದಾರೆ. ಅವರು ಹೆಡ್‌ಫೋನನ್ನು ಕಿವಿಗಿಟ್ಟುಕೊಂಡು ಪ್ಲಗ್ಗಿನ ಬುಡದಲ್ಲಿ ತಂತಿಯನ್ನು ಮೆಲ್ಲನೆ ಬಾಗಿಸಿದರು. ‘ಸಾರ್, ಹೆಡ್‌ಫೋನಿಗೆ ಏನೂ ಆಗಿಲ್ಲ. ತಂತಿ ಬುಡದಲ್ಲಿ ತುಂಡಾಗಿದೆ. ಇದನ್ನ ನೀವೇ ಮಾಡ್ಕೋಬಹುದು, ಕೂತ್ಕೊಳ್ಳಿ’ ಎಂದರು. ಆ ಮಧ್ಯಾಹ್ನ ನಾನು ಕಲಿತ ವಿದ್ಯೆ ಎಂ.ಎ. ತರಗತಿಯಲ್ಲಿ ಓದಿದ ಕೆಲವು ಪಾಠಗಳನ್ನು ಹೊಸದಾಗಿ ಅರ್ಥಮಾಡಿಸಿತು.

ವಿದ್ಯೆಯೇನೂ ಕಠಿಣವಲ್ಲ. 3.5 ಮಿಲಿಮೀಟರ್‌ನ ಸಾಮಾನ್ಯ ಸ್ಟೀರಿಯೋ ಪ್ಲಗ್ಗಿನಲ್ಲಿ ಮೂರು ಭಾಗಗಳಿವೆ: ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡದ ಕವಚ ಎರಡಕ್ಕೂ ಸಮಾನವಾದ ಮರಳುದಾರಿ. ಹೆಡ್‌ಫೋನಿನ ಕೂದಲೆಳೆಯಂಥ ತಂತಿಗಳ ಮೇಲೆ ಬಣ್ಣದ ಎನಾಮಲ್ ಲೇಪನವಿರುತ್ತದೆ. ಬಿಸಿಯಿಂದ ಅದನ್ನು ಕಳೆಯದೆ ಬೆಸುಗೆ ಹಿಡಿಯುವುದಿಲ್ಲ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕಾಯಬೇಕಾದದ್ದು ಸೀಸವಲ್ಲ, ಲೋಹದ ತುದಿ. ಕಾದ ಲೋಹವೇ ಬೆಸುಗೆಯನ್ನು ಕರಗಿಸಿಕೊಳ್ಳಬೇಕು. ಕೊನೆಗೆ ಮಲ್ಟಿಮೀಟರಿನಿಂದ ಒಂದು ಎಳೆ ಇನ್ನೊಂದನ್ನು ತಾಗಿಲ್ಲವೆಂದು ಖಚಿತಪಡಿಸಿಕೊಂಡು, ಪ್ಲಗ್ಗಿನ ಬುಡಕ್ಕೆ ಬಿಸಿಗೆ ಕುಗ್ಗುವ ಕೊಳವೆಯನ್ನು ತೊಡಿಸಿದರೆ ಕೆಲಸ ಮುಗಿಯಿತು. ಈ ಕೊಳವೆಯನ್ನು ಬೆಸುಗೆಗೆ ಮೊದಲೇ ತಂತಿಗೆ ಪೋಣಿಸಿಕೊಳ್ಳಬೇಕು. ನಾನು ಮರೆತೆ, ಎರಡು ಬಾರಿ ಬಿಚ್ಚಿ ಮತ್ತೆ ಬೆಸೆಯಬೇಕಾಯಿತು. ಕಿಟಕಿ ತೆರೆದಿಟ್ಟು ಕೆಲಸ ಮಾಡುವುದು, ಮುಗಿದ ಮೇಲೆ ಕೈ ತೊಳೆಯುವುದು, ಮನೆಯ ವಿದ್ಯುತ್ ಸಂಪರ್ಕದ ತಂತಿಗಳ ಗೊಡವೆಗೆ ಹೋಗದಿರುವುದು: ಇಷ್ಟು ಎಚ್ಚರ ಸಾಕು. ಸಾಮಗ್ರಿಯ ಖರ್ಚು ನೂರು ರೂಪಾಯಿಯನ್ನೂ ಮುಟ್ಟಲಿಲ್ಲ.

ಇಂಥದೇ ಒಂದೂವರೆ ಮೀಟರ್ ತಂತಿಯನ್ನು ಸಾವಿರಾರು, ಲಕ್ಷಾಂತರ ರೂಪಾಯಿಗೆ ಮಾರುವವರೂ ಜಗತ್ತಿನಲ್ಲಿದ್ದಾರೆ. ಬೆಳ್ಳಿಯ ಎಳೆ, ಆಮ್ಲಜನಕರಹಿತ ತಾಮ್ರ ಎಂಬೆಲ್ಲ ವಿಶೇಷಣಗಳು ಅದಕ್ಕಿವೆ. ಹಳೆಯ ಅಭ್ಯಾಸಬಲದಿಂದ ಲೆಕ್ಕ ಹಾಕಿ ನೋಡಿದೆ. ಕಾಲು ಚದರ ಮಿಲಿಮೀಟರ್ ದಪ್ಪದ ಸಾಧಾರಣ ತಾಮ್ರದ ತಂತಿ, ಹೋಗಿಬರುವ ದಾರಿ ಸೇರಿ ಮೂರು ಮೀಟರ್ ಎಂದಿಟ್ಟುಕೊಂಡರೆ ಅದರ ವಿದ್ಯುತ್ ರೋಧ ಸುಮಾರು 0.2 ಓಂ. ಹೆಡ್‌ಫೋನಿನದು 32 ಓಂ. ಅಂದರೆ ತಂತಿಯ ಪಾಲು ಶೇಕಡ ಒಂದಕ್ಕಿಂತಲೂ ಕಡಿಮೆ. ಆಮ್ಲಜನಕರಹಿತ ತಾಮ್ರವು ಸಾಧಾರಣ ತಾಮ್ರಕ್ಕಿಂತ ಹೆಚ್ಚು ವಾಹಕವೆಂಬುದು ನಿಜವೇ ಆದರೂ ಅದು ಕೂಡ ಶೇಕಡ ಒಂದರಷ್ಟು ಮಾತ್ರ. ಈ ವ್ಯತ್ಯಾಸವನ್ನು ಗುರುತಿಸುವ ಕಿವಿ ಯಾರಿಗಿದೆಯೋ ಕಾಣೆ. ತಂತಿಯಲ್ಲಿ ನಿಜವಾಗಿ ಮುಖ್ಯವಾದದ್ದು ಗಟ್ಟಿಯಾದ ಬೆಸುಗೆ, ಬುಡದ ಆಧಾರ ಮತ್ತು ಕ್ಷೀಣ ಧ್ವನಿಸಂಕೇತವನ್ನು ಒಯ್ಯುವಾಗ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಡುವ ಸದ್ದನ್ನು ತಡೆಯುವ ಲೋಹದ ಹೆಣಿಗೆ. ಈ ಮೂರೂ ದುಬಾರಿಯಲ್ಲ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿದ್ದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆಯೇ ಹದಗೆಡುತ್ತದೆ ಎಂಬುದು ಅವರ ವಾದ. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವೂ ಸಂದಿತು. ತಂತಿಯ ವಿಷಯದಲ್ಲೂ ನಡೆಯುತ್ತಿರುವುದು ಇದೇ. ಗುಣವನ್ನು ಅಳೆಯಲಾರದ ಗ್ರಾಹಕ ಬೆಲೆಯನ್ನೇ ಗುಣವೆಂದು ಭಾವಿಸುತ್ತಾನೆ. ದೋಷವನ್ನು ಗುರುತಿಸಲಾರದವನು ‘ರಿಪೇರಿ ಇಲ್ಲ’ ಎಂಬ ಮಾತನ್ನು ತೀರ್ಪೆಂದು ಒಪ್ಪಿಕೊಳ್ಳುತ್ತಾನೆ. ತನ್ನ ಕೈಯಿಂದ ಒಂದು ತಂತಿ ಮಾಡಿದವನನ್ನು ಈ ಎರಡರಿಂದಲೂ ವಂಚಿಸುವುದು ಕಷ್ಟ.

ಇದು ಕೇವಲ ನಿವೃತ್ತನ ಹವ್ಯಾಸವೆಂದು ಓದುಗರು ಭಾವಿಸಬಾರದು. 1988ರಲ್ಲಿ ಸೊರಬದಲ್ಲಿ ಕೆಲಸದಲ್ಲಿದ್ದಾಗ, ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ದೀವರ ಮನೆಯೊಂದರಲ್ಲಿ ಹೆಣ್ಣುಮಕ್ಕಳು ಹಾಡಿದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ಪೈರು ತುಂಬಿದ ಗದ್ದೆಯನ್ನು ಬಸುರಿಯೆಂದು ಬಗೆದು ಬಯಕೆ ಬಡಿಸುವ ಹಬ್ಬವದು. ಹಾಡಿದ ಹಿರಿಯಳೊಬ್ಬಳ ಮೊಮ್ಮಗಳು ಈಗ ಶಿಕ್ಷಕಿ. ‘ನಮ್ಮಜ್ಜಿ ದನಿ ನಿಮ್ಮ ಹತ್ರ ಇದೆಯಂತೆ, ಹೌದಾ ಸಾರ್?’ ಎಂದು ಆಕೆ ಕೇಳಿದಾಗ ನನಗೆ ಮುಜುಗರವಾಯಿತು. ಕ್ಯಾಸೆಟ್ಟಿತ್ತು, ಟೇಪ್ ರೆಕಾರ್ಡರೂ ಇತ್ತು. ಆದರೆ ಅದರ ಧ್ವನಿ ಹೊರಬರುವ ಕಿಂಡಿ ಹಿಂದಿನ ಕಾಲದ ಐದು ಸೂಜಿಗಳ ದುಂಡು ‘ಡಿನ್’ ಮಾದರಿಯದು. ಕಂಪ್ಯೂಟರಿಗೆ ಅದನ್ನು ಜೋಡಿಸುವ ಸಿದ್ಧ ತಂತಿ ಶಿಕಾರಿಪುರದಲ್ಲಿ ಸಿಗಲಿಲ್ಲ, ಶಿವಮೊಗ್ಗದಲ್ಲೂ ಸಿಗಲಿಲ್ಲ.

ಸೊರಬದ ಮಿತ್ರರು ತಮ್ಮ ಗುಜರಿ ಡಬ್ಬಿಯಿಂದ ಒಂದು ಡಿನ್ ಪ್ಲಗ್ ಹುಡುಕಿಕೊಟ್ಟರು. ಮೂರು ಮತ್ತು ಐದನೆಯ ಸೂಜಿಗಳಿಂದ ಧ್ವನಿ, ನಡುವಿನ ಎರಡನೆಯದು ಮರಳುದಾರಿ. ಮನೆಯಲ್ಲಿ ಕುಳಿತು ನಾನೇ ಬೆಸೆದ ಆ ತಂತಿಯ ಮೂಲಕ ಮೂರು ಕ್ಯಾಸೆಟ್‌ಗಳು ಕಂಪ್ಯೂಟರಿಗೆ ಇಳಿದವು. ಒಂದರ ಟೇಪು ಆಗಲೇ ಬೂಷ್ಟು ಹಿಡಿದು ಹಾಳಾಗಿತ್ತು. ಉಳಿದವನ್ನು ಕೇಳಿದ ಆ ಶಿಕ್ಷಕಿ, ‘ಹಾಡಿನ ಮಧ್ಯೆ ಅಜ್ಜಿ ಕೆಮ್ಮಿದ್ದೂ ಕೇಳಿಸ್ತು ಸಾರ್’ ಎಂದಳು.

ಒಂದು ತಪ್ಪೊಪ್ಪಿಗೆಯೂ ಇಲ್ಲಿ ಅಗತ್ಯ. ಸೇವೆಯಲ್ಲಿದ್ದಾಗ ನಿರುಪಯುಕ್ತ ವಸ್ತುಗಳ ವಿಲೇವಾರಿ ಪಟ್ಟಿಗಳಿಗೆ ನಾನು ಸಹಿ ಹಾಕಿದ್ದಕ್ಕೆ ಲೆಕ್ಕವಿಲ್ಲ. ಧ್ವನಿವರ್ಧಕ, ಮೈಕು, ಟೇಪ್ ರೆಕಾರ್ಡರುಗಳ ಮುಂದೆ ‘ದುರಸ್ತಿಗೆ ಯೋಗ್ಯವಲ್ಲ’ ಎಂಬ ಷರಾ ಇರುತ್ತಿತ್ತು. ಅವುಗಳಲ್ಲಿ ಎಷ್ಟರ ದೋಷ ಪ್ಲಗ್ಗಿನ ಬುಡದಲ್ಲಿ ಮಾತ್ರವಿತ್ತೋ ಎಂಬ ಪ್ರಶ್ನೆ ಈಗ ಕಾಡುತ್ತದೆ. ಆಗ ನಾನು ಕೇಳಲಿಲ್ಲ. ಕೇಳಲು ಬೇಕಾದ ತಿಳಿವಳಿಕೆಯೂ ಇರಲಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಸ್ವಾಗತಾರ್ಹ ಹೆಜ್ಜೆಯೇ. ಆದರೆ ದುರಸ್ತಿ ಬಲ್ಲವರೇ ಇಲ್ಲವಾದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಸೊರಬ ಶ್ರೀಗಂಧದ ಕೆತ್ತನೆಯ ಗುಡಿಗಾರರ ಊರು. ಆ ಕೈಗೆ ಸಿಕ್ಕಿರುವ ಗೌರವದ ಒಂದಂಶವೂ ಬೆಸುಗೆ ಹಿಡಿಯುವ ಕೈಗೆ ಸಿಕ್ಕಿಲ್ಲ. ನನ್ನ ಮಿತ್ರರ ಮಗ ಬೆಂಗಳೂರಿನಲ್ಲಿದ್ದಾನೆ. ಅಂಗಡಿ ಅವರೊಂದಿಗೇ ಮುಗಿಯುತ್ತದೆ. ಪ್ರೌಢಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ತಂತಿಯನ್ನು ತಾನೇ ಬೆಸೆದು ಪರೀಕ್ಷಿಸುವಂತಾಗಬೇಕು. ಇಂಥ ಹಿರಿಯರನ್ನು ಗೌರವಧನ ಕೊಟ್ಟು ಅಲ್ಲಿಗೆ ಕರೆಸಬೇಕು. ಅದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ.

ಯಾವುದೇ ವಸ್ತುವಿನ ಮುಂದೆ ‘ದುರಸ್ತಿಗೆ ಯೋಗ್ಯವಲ್ಲ’ ಎಂದು ಬರೆಯುವ ಮುನ್ನ, ತಂತಿಯನ್ನು ಒಮ್ಮೆ ಅಲುಗಿಸಿಯಾದರೂ ನೋಡಬೇಕು.