ಗ್ರೇಟ್ ಸ್ಕುವಾ

ಗ್ರೇಟ್ ಸ್ಕುವಾ (ವೈಜ್ಞಾನಿಕ ನಾಮ: ಸ್ಟರ್ಕೊರೇರಿಯಸ್ ಸ್ಕುವಾ) ಉತ್ತರ ಅಟ್ಲಾಂಟಿಕ್ ಸಾಗರದ ಒಂದು ದೊಡ್ಡ ಬೇಟೆಗಾರ ಕಡಲಹಕ್ಕಿ. ಸ್ಕಾಟ್ಲೆಂಡಿನ ಶೆಟ್ಲೆಂಡ್ ಮತ್ತು ಆರ್ಕ್ನಿ ದ್ವೀಪಗಳು, ಫೇರೋ ದ್ವೀಪಗಳು, ಐಸ್‌ಲೆಂಡ್ ಹಾಗೂ ನಾರ್ವೆ ಇದರ ಮುಖ್ಯ ಸಂತಾನೋತ್ಪತ್ತಿಯ ನೆಲೆಗಳು. ಶೆಟ್ಲೆಂಡಿನ ಜನರು ಇದನ್ನು ‘ಬಾಂಕ್ಸಿ’ ಎಂದು ಕರೆಯುತ್ತಾರೆ. ಕುಲನಾಮವು ಮಲವನ್ನು ಸೂಚಿಸುವ ಲ್ಯಾಟಿನ್ ಪದದಿಂದ ಬಂದಿದೆ. ಸ್ಕುವಾ ಬೆನ್ನಟ್ಟಿದಾಗ ಇತರ ಹಕ್ಕಿಗಳು ಕಕ್ಕುವ ಮೀನನ್ನು ಹಿಂದಿನವರು ಹಿಕ್ಕೆಯೆಂದು ಭಾವಿಸಿದ್ದರಿಂದ ಈ ಅನ್ಯಾಯದ ಹೆಸರು ಅಂಟಿಕೊಂಡಿತು.

ಗುರುತಿಸುವಿಕೆ

ಉದ್ದ 50ರಿಂದ 58 ಸೆಂ.ಮೀ.; ರೆಕ್ಕೆಗಳ ಹರವು ಸುಮಾರು 125ರಿಂದ 140 ಸೆಂ.ಮೀ. ಮೈಬಣ್ಣ ಗಾಢ ಕಂದು, ಅದರ ಮೇಲೆ ತೆಳುಬಣ್ಣದ ಗೀರುಗಳು. ಕೊಕ್ಕಿನ ತುದಿ ಕೊಂಡಿಯಂತೆ ಬಾಗಿದೆ. ಎಳೆಯ ಹೆರಿಂಗ್ ಗಲ್ ಕೂಡ ಕಂದುಬಣ್ಣದ್ದೇ ಆದುದರಿಂದ ಹೊಸಬರು ಮೋಸಹೋಗುವುದುಂಟು. ಆದರೆ ಸ್ಕುವಾದ ದೇಹ ಹೆಚ್ಚು ದಪ್ಪ. ಹಾರುವಾಗ ರೆಕ್ಕೆಯ ಹೊರಭಾಗದಲ್ಲಿ ದೊಡ್ಡ ಬಿಳಿಯ ಪಟ್ಟೆ ದೂರದಿಂದಲೇ ಎದ್ದು ಕಾಣುತ್ತದೆ. ಆರ್ಕ್‌ಟಿಕ್ ಸ್ಕುವಾ ಇದಕ್ಕಿಂತ ಚಿಕ್ಕದು, ತೆಳ್ಳನೆಯದು; ಅದರ ಬಾಲದ ನಡುವಿನ ಗರಿಗಳು ಚೂಪಾಗಿ ಹೊರಚಾಚಿರುತ್ತವೆ. ಭಾರತದ ಕಡಲಿನಲ್ಲಿ ಅಪರೂಪಕ್ಕೆ ಕಾಣುವ ಕಂದು ಸ್ಕುವಾ ದಕ್ಷಿಣ ಗೋಳಾರ್ಧದ ಬೇರೊಂದು ಪ್ರಭೇದ.

ಆಹಾರ ಮತ್ತು ವರ್ತನೆ

ಮೀನು ಇದರ ಮುಖ್ಯ ಆಹಾರವಾದರೂ ಅದನ್ನು ಯಾವಾಗಲೂ ತಾನೇ ಹಿಡಿಯುವುದಿಲ್ಲ. ತನಗಿಂತ ದೊಡ್ಡದಾದ ಗ್ಯಾನೆಟ್ಟನ್ನು ಬೆನ್ನಟ್ಟಿ, ರೆಕ್ಕೆಯನ್ನೋ ಬಾಲವನ್ನೋ ಹಿಡಿದೆಳೆದು, ಅದು ನುಂಗಿದ ಮೀನನ್ನು ಕಕ್ಕುವಂತೆ ಮಾಡಿ ಕಸಿದುಕೊಳ್ಳುತ್ತದೆ. ಪಫಿನ್, ಕಿಟ್ಟಿವೇಕ್ ಮೊದಲಾದ ಹಕ್ಕಿಗಳನ್ನು ಕೊಂದು ತಿನ್ನುವುದೂ ಉಂಟು. ಮೀನುಗಾರಿಕಾ ದೋಣಿಗಳು ಎಸೆಯುವ ಮೀನನ್ನೂ ಬಿಡುವುದಿಲ್ಲ.

ಬಯಲು ಹುಲ್ಲುಗಾವಲಿನ ನೆಲದ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತದೆ. ಗೂಡಿನ ಬಳಿಗೆ ಬಂದವರು ಮನುಷ್ಯರೇ ಆಗಲಿ ಕುರಿಯೇ ಆಗಲಿ, ನೇರವಾಗಿ ತಲೆಯ ಕಡೆಗೆ ಎರಗಿ ಕಾಲಿನಿಂದ ಹೊಡೆಯುತ್ತದೆ. ಚಳಿಗಾಲವನ್ನು ಬಹುಮಟ್ಟಿಗೆ ಸ್ಪೇನ್, ಪೋರ್ಚುಗಲ್ ಮತ್ತು ವಾಯವ್ಯ ಆಫ್ರಿಕಾದ ಕರಾವಳಿಯಾಚೆಯ ಕಡಲಿನಲ್ಲಿ ಕಳೆಯುತ್ತದೆ.

ಸ್ಥಿತಿಗತಿ

19ನೆಯ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಈ ಹಕ್ಕಿ ಅಳಿವಿನ ಅಂಚಿಗೆ ಬಂದಿತ್ತು. ಶೆಟ್ಲೆಂಡಿನ ಅನ್‌ಸ್ಟ್ ದ್ವೀಪದ ಹರ್ಮನೆಸ್‌ನಲ್ಲಿ ಎಡ್ಮಂಡ್‌ಸ್ಟನ್ ಮನೆತನದವರು ಉಳಿದ ಕೆಲವೇ ಜೋಡಿಗಳನ್ನು ಕಾಪಾಡಿದರು. ಮುಂದೆ ಸಂಖ್ಯೆ ಚೇತರಿಸಿಕೊಂಡು ಪ್ರಪಂಚದ ಗ್ರೇಟ್ ಸ್ಕುವಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕಾಟ್ಲೆಂಡಿನಲ್ಲೇ ಗೂಡುಕಟ್ಟುವಂತಾಯಿತು. 2021 ಮತ್ತು 2022ರ ಬೇಸಿಗೆಗಳಲ್ಲಿ ಹರಡಿದ ಹಕ್ಕಿಜ್ವರವು ಈ ಚೇತರಿಕೆಯನ್ನು ಮುರಿಯಿತು. 2023ರ ಎಣಿಕೆಯಲ್ಲಿ ಅಲ್ಲಿನ ಸಂಖ್ಯೆ ಸುಮಾರು ಮುಕ್ಕಾಲು ಪಾಲು ಕುಸಿದಿರುವುದು ತಿಳಿದುಬಂದಿತು. ಮರಿಯೊಂದು ಬೆಳೆದು ಸಂತಾನೋತ್ಪತ್ತಿಗೆ ತೊಡಗಲು ಸುಮಾರು ಏಳು ವರ್ಷ ಬೇಕಾಗುವುದರಿಂದ ಈ ನಷ್ಟ ಬೇಗ ತುಂಬುವಂಥದ್ದಲ್ಲ.