ಕ್ರೇಫಿಷ್‌ನ ವಂಶವೃಕ್ಷ

ಗದ್ದೆಯ ಬದುವಿನಲ್ಲಿ ಬಿಲ ತೋಡುವ ಏಡಿಯನ್ನೂ ಕರಾವಳಿಯ ಸಿಗಡಿಯನ್ನೂ ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಇವುಗಳ ಬಂಧುವಾದರೂ ನಮ್ಮ ದೇಶದ ಹೊಳೆಗಳಲ್ಲಿ ಸ್ವಭಾವತಃ ಇಲ್ಲದ ಪ್ರಾಣಿಯೊಂದುಂಟು. ಅದೇ ಕ್ರೇಫಿಷ್. ಹೆಸರಿನಲ್ಲಿ 'ಫಿಷ್' ಎಂದಿದ್ದರೂ ಅದು ಮೀನಲ್ಲ. ಮೈಮೇಲೆ ಗಡುಸಾದ ಕವಚ, ಮುಂದೆ ಇಕ್ಕುಳದಂಥ ಎರಡು ಕಾಲುಗಳು, ಹಿಂದೆ ಬೀಸಣಿಗೆಯಂಥ ಬಾಲ; ಕಡಲಿನ ಲಾಬ್‌ಸ್ಟರನ್ನು ಚಿಕ್ಕದು ಮಾಡಿದಂತಿರುವ ಈ ಪ್ರಾಣಿ ಸಿಹಿನೀರಿನಲ್ಲಿ ವಾಸಿಸುತ್ತದೆ.

ಆರುನೂರಕ್ಕೂ ಹೆಚ್ಚು ಪ್ರಭೇದಗಳುಳ್ಳ ಈ ಕುಟುಂಬದ ಹಂಚಿಕೆ ವಿಚಿತ್ರವಾದುದು. ಒಂದು ಶಾಖೆ ಉತ್ತರ ಅಮೆರಿಕ, ಯೂರೋಪು ಮತ್ತು ಪೂರ್ವ ಏಷ್ಯಗಳಲ್ಲಿದೆ. ಇನ್ನೊಂದು ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕ ಮತ್ತು ಮಡಗಾಸ್ಕರ್‌ಗಳಲ್ಲಿದೆ. ಉಪ್ಪುನೀರಿನ ಸಾಗರವನ್ನು ದಾಟಲಾರದ ಪ್ರಾಣಿ ಹೀಗೆ ಭೂಮಿಯ ಎರಡು ಪಾಲಿನಲ್ಲಿಯೂ ನೆಲೆಸಿದ ಬಗೆ ಹೇಗೆ? ಲಾಬ್‌ಸ್ಟರಿನ ಪೂರ್ವಜರು ಎರಡು ಸಲ, ಬೇರೆಬೇರೆಯಾಗಿ ಹೊಳೆಗಳನ್ನು ಸೇರಿದರೇ? ಇಲ್ಲವೆ ಒಂದೇ ಸಲ ಸೇರಿ, ಅನಂತರ ಕವಲೊಡೆದರೇ? 1880ರಲ್ಲಿ ಕ್ರೇಫಿಷ್ ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದ ಥಾಮಸ್ ಹೆನ್ರಿ ಹಕ್ಸ್‌ಲಿಯ ಕಾಲದಿಂದಲೂ ಈ ಹಂಚಿಕೆ ವಿಜ್ಞಾನಿಗಳ ಕುತೂಹಲವನ್ನು ಕೆರಳಿಸಿದೆ.

ಇಂಥ ಪ್ರಶ್ನೆಯನ್ನು ಬಿಡಿಸುವ ರೀತಿಯನ್ನು ನಮ್ಮ ತಾಳೆಯೋಲೆಗಳಿಂದಲೇ ತಿಳಿಯಬಹುದು. ಲಿಪಿಕಾರನೊಬ್ಬನು ಪ್ರತಿ ಮಾಡುವಾಗ ಒಂದಕ್ಷರವನ್ನು ತಪ್ಪಿದನೆನ್ನೋಣ. ಆ ಪ್ರತಿಯಿಂದ ಮುಂದೆ ಹುಟ್ಟುವ ಪ್ರತಿಗಳಲ್ಲೆಲ್ಲ ಅದೇ ತಪ್ಪು ಉಳಿದು ಬರುತ್ತದೆ. ಒಂದೇ ಬಗೆಯ ಅನೇಕ ತಪ್ಪುಗಳುಳ್ಳ ಎರಡು ಓಲೆಗಳಿಗೆ ಮೂಲಪ್ರತಿ ಒಂದೇ ಎಂದು ಗ್ರಂಥಸಂಪಾದಕರು ನಿರ್ಣಯಿಸುತ್ತಾರೆ. ಜೀವಕೋಶದೊಳಗಿನ ಡಿ.ಎನ್.ಎ. ಕೂಡ ನಾಲ್ಕೇ ಅಕ್ಷರಗಳಲ್ಲಿ ಬರೆದ ಓಲೆಯಂತಿದೆ. ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುವಾಗ ಅದರಲ್ಲಿಯೂ ಆಗೊಮ್ಮೆ ಈಗೊಮ್ಮೆ ಅಕ್ಷರಗಳು ಬದಲಾಗುತ್ತವೆ. ಈ ಬದಲಾವಣೆಗಳನ್ನು ಹೋಲಿಸಿದರೆ ಯಾವುದು ಯಾವುದಕ್ಕೆ ಹತ್ತಿರದ ಬಂಧುವೆಂಬುದು ಗೊತ್ತಾಗುತ್ತದೆ.

2000ನೆಯ ಇಸವಿಯಲ್ಲಿ ಕೀತ್ ಕ್ರ್ಯಾಂಡಲ್ ಮತ್ತು ಸಂಗಡಿಗರು ಕೆಲವು ಜೀನ್‌ಗಳನ್ನು ಹೀಗೆ ಹೋಲಿಸಿ ನೋಡಿದರು. ಉತ್ತರದ ಕ್ರೇಫಿಷ್‌ಗೆ ದಕ್ಷಿಣದ ಕ್ರೇಫಿಷ್ ಲಾಬ್‌ಸ್ಟರಿಗಿಂತಲೂ ಹತ್ತಿರದ್ದೆಂದು ಕಂಡುಬಂದಿತು. ಆದುದರಿಂದ ಅವುಗಳ ಮೂಲ ಒಂದೇ. ಖಂಡಗಳೆಲ್ಲ ಪ್ಯಾಂಜಿಯ ಎಂಬ ಒಂದೇ ಭೂಭಾಗವಾಗಿದ್ದಾಗ ಬಾಳಿದ ಜೀವಿಗಳ ಸಂತತಿ, ಸುಮಾರು 18 ಕೋಟಿ ವರ್ಷಗಳ ಹಿಂದೆ ಆ ನೆಲ ಸೀಳತೊಡಗಿದಾಗ, ಎರಡು ಪಾಲಾಗಿ ಉಳಿಯಿತೆಂದು ಇದರಿಂದ ತಿಳಿಯಬಹುದು.

ಕೆಲವು ಜೀನ್‌ಗಳ ಬದಲು ಇಡೀ ಓಲೆಯ ಕಟ್ಟನ್ನೇ, ಎಂದರೆ ಜೀನೋಮನ್ನೇ ಓದಿದರೆ ತೀರ ಇತ್ತೀಚಿನ ಬಾಂಧವ್ಯಗಳೂ ತೋರುತ್ತವೆ. 1990ರ ದಶಕದ ನಡುವಿನಲ್ಲಿ ಜರ್ಮನಿಯ ಅಲಂಕಾರ ಮೀನಿನ ತೊಟ್ಟಿಗಳಲ್ಲಿ ಅಮೃತಶಿಲೆಯಂಥ ಚಿತ್ತಾರದ ಒಂದು ಕ್ರೇಫಿಷ್ ಕಾಣಿಸಿಕೊಂಡಿತು. ಎಲ್ಲವೂ ಹೆಣ್ಣೇ! ಗಂಡಿನ ನೆರವಿಲ್ಲದೆಯೇ ಅವು ಮೊಟ್ಟೆಯಿಟ್ಟು ಮರಿ ಮಾಡುವುವೆಂದು 2003ರಲ್ಲಿ ಪ್ರಕಟವಾಯಿತು. 2018ರಲ್ಲಿ ಹೈಡಲ್‌ಬರ್ಗಿನ ಜರ್ಮನ್ ಕ್ಯಾನ್ಸರ್ ಸಂಶೋಧನ ಕೇಂದ್ರದ ಫ್ರಾಂಕ್ ಲೈಕೊ ಮತ್ತು ಸಂಗಡಿಗರು ಇದರ ಜೀನೋಮನ್ನು ಪ್ರಕಟಿಸಿದರು. ಅದರಲ್ಲಿ ಸುಮಾರು 350 ಕೋಟಿ ಅಕ್ಷರಗಳು. ಮನುಷ್ಯನ ಜೀನೋಮಿಗಿಂತ ಸ್ವಲ್ಪ ಹೆಚ್ಚೇ! ಫ್ಲಾರಿಡದ ಪ್ರೊಕ್ಯಾಂಬರಸ್ ಫ್ಯಾಲಾಕ್ಸ್ ಎಂಬ ಪ್ರಭೇದವೇ ಇದರ ತವರು. ಸಾಮಾನ್ಯವಾಗಿ ಎರಡು ಇರಬೇಕಾದ ಕ್ರೋಮೊಸೋಮ್ ಗಣಗಳು ಇಲ್ಲಿ ಮೂರಿವೆ. ಅವುಗಳಲ್ಲಿ ಎರಡು ಬಹುಮಟ್ಟಿಗೆ ಒಂದೇ ತೆರ, ಮೂರನೆಯದು ಬೇರೆ. ತಂದೆತಾಯಿಗಳಲ್ಲಿ ಒಂದರ ಲಿಂಗಕೋಶ ಅರ್ಧವಾಗದೆ ಹಾಗೆಯೇ ಉಳಿದುದರ ಗುರುತು ಇದು.

ಮಡಗಾಸ್ಕರಿನ ಪ್ರಾಣಿಗಳನ್ನೂ ಜರ್ಮನಿಯ ಪ್ರಾಣಿಗಳನ್ನೂ ಹೋಲಿಸಿದಾಗ ಅವುಗಳ ಓಲೆಗಳಲ್ಲಿ ವ್ಯತ್ಯಾಸ ಅತ್ಯಲ್ಪವೆಂದು ಕಂಡಿತು. ಅವೆಲ್ಲ ಒಂದೇ ತಾಯಿಯ ಪಡಿಯಚ್ಚುಗಳು. ಒಂದೇ ಕೋಶದಿಂದ ಹುಟ್ಟಿ ಬೆಳೆಯುವ ಗೆಡ್ಡೆಯನ್ನು ಅಭ್ಯಸಿಸುವ ಕ್ಯಾನ್ಸರ್ ತಜ್ಞರು ಇದರಲ್ಲಿ ಆಸಕ್ತರಾದುದಕ್ಕೆ ಕಾರಣವೂ ಇದೇ.

ಆದರೆ ಮಡಗಾಸ್ಕರಿನ ಪಾಲಿಗೆ ಇದು ಬರಿಯ ಕುತೂಹಲವಲ್ಲ. 2007ರಿಂದ 2017ರ ವರೆಗಿನ ಹತ್ತು ವರ್ಷಗಳಲ್ಲಿ ಈ ಪ್ರಾಣಿ ಅಲ್ಲಿ ಹರಡಿದ ಪ್ರದೇಶ ಸುಮಾರು ನೂರು ಪಟ್ಟಾಯಿತು. ಅಲ್ಲಿನ ಸಂತೆಗಳಲ್ಲಿ ಅದು ಆಹಾರವಾಗಿ ಮಾರಾಟವಾಗುತ್ತದೆ, ನಿಜ. ಆದರೆ ಅದೇ ದ್ವೀಪದ ತೊರೆಗಳಲ್ಲಿ ದಕ್ಷಿಣ ಶಾಖೆಯ ಆಸ್ಟಕಾಯ್ಡಿಸ್ ಎಂಬ ಕ್ರೇಫಿಷ್‌ಗಳಿವೆ. ಪ್ರಪಂಚದಲ್ಲಿ ಬೇರೆಲ್ಲಿಯೂ ಅವು ಇಲ್ಲ. ಖಂಡಗಳು ಬೇರೆಯಾದಂದು ಅಗಲಿದ ದಾಯಾದಿಗಳನ್ನು ಮನುಷ್ಯನು ತೊಟ್ಟಿಯೊಂದರ ಮೂಲಕ ಎದುರುಬದುರು ನಿಲ್ಲಿಸಿದ್ದಾನೆ. ಈ ಭೇಟಿಯಿಂದ ಸ್ಥಳೀಯ ಪ್ರಾಣಿಗೆ ಅಪಾಯವೇ ಹೆಚ್ಚು. 2016ರಲ್ಲಿ ಯೂರೋಪಿಯನ್ ಒಕ್ಕೂಟ ಈ ಕ್ರೇಫಿಷ್‌ನ ಸಾಕಣೆ ಮತ್ತು ಮಾರಾಟಗಳನ್ನು ನಿಷೇಧಿಸಿತು.

ಗಂಡುಹೆಣ್ಣು ಎರಡೂ ಬೇಕಾದ ಪ್ರಾಣಿ ಒಂದೇ ಒಂದು ತಪ್ಪಿಸಿಕೊಂಡರೆ ವಂಶ ಬೆಳೆಯದು. ಇದಕ್ಕೆ ಒಂದೇ ಸಾಕು. ಮನೆಯ ಗಾಜಿನ ತೊಟ್ಟಿಯ ಜೀವಿಯನ್ನು, ಕನಿಕರದಿಂದಲೇ ಆಗಲಿ, ಊರ ಕೆರೆಗೆ ಬಿಡುವ ಮುನ್ನ ನಾವು ನೆನೆಯಬೇಕಾದ ಮಾತು ಇದು.